ಹಿಂಗಾಜಿನ ಮಂಜು

ದಿಂಬಂ ಘಟ್ಟವನ್ನು ಬಲ್ಲ ನಮ್ಮ ವಾಚಕರಿಗೆ ಅದರ ೨೭ ತಿರುವುಗಳ ವರ್ಣನೆ ಬೇಕಾಗಿಲ್ಲ. ತಾಳವಾಡಿಯ ಕಡೆಯವರು ಆಸ್ಪತ್ರೆಗೆಂದೋ ಕಚೇರಿಯ ಕೆಲಸಕ್ಕೆಂದೋ ಸತ್ಯಮಂಗಲಕ್ಕೂ ಈರೋಡಿಗೂ ಹೊರಟರೆ, ಆ ನೆತ್ತಿಯಿಂದ ಬಣ್ಣಾರಿಯ ತಪ್ಪಲಿಗೆ ಇಳಿಯಲೇಬೇಕು. ಕಾರ್ತಿಕದ ಮಳೆ ಹಿಡಿದ ಮುಂಜಾವಿನಲ್ಲಿ ಆ ದಾರಿಯ ಮೇಲೆ ಮೋಡವೇ ಬಂದು ಕುಳಿತಿರುತ್ತದೆ. ಈ ತಿಂಗಳು ನಾವು ಹೇಳಹೊರಟಿರುವುದು ಕಾರಿನ ಹಿಂಬದಿಯ ಗಾಜಿನ ವಿಚಾರ. ಗಾಜಿನ ಮಾತಿಗೆ ಘಟ್ಟದ ಪೀಠಿಕೆ ಏಕೆಂದು ಕೇಳುವವರಿಗೆ ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಸಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ಅಂಥದೊಂದು ಮುಂಜಾವಿನಲ್ಲಿ, ಮನೆಯ ಹಿರಿಯರೊಬ್ಬರನ್ನು ವೈದ್ಯರಲ್ಲಿಗೆ ಕರೆದುಕೊಂಡು, ನಮ್ಮ ಹಳೆಯ ಕಾರಿನಲ್ಲಿ ಘಟ್ಟ ಇಳಿಯುತ್ತಿದ್ದೆವು. ಒಳಗೆ ಐದು ಜನ. ಹೊರಗೆ ಜಿನುಗುಮಳೆ. ಚಳಿಯೆಂದು ಗಾಜುಗಳನ್ನೆಲ್ಲ ಏರಿಸಿದ್ದೆವು. ಒಂದು ತಿರುವಿನಲ್ಲಿ ಹೊರೆ ಹೊತ್ತ ಲಾರಿಯೊಂದು ಏರಿ ಬಂತು. ಏರುವ ವಾಹನಕ್ಕೆ ದಾರಿ ಬಿಡುವುದು ಘಟ್ಟದ ಧರ್ಮ. ನಾವು ಹಿಂದಕ್ಕೆ ಸರಿಯಬೇಕಾಯಿತು. ತಿರುಗಿ ನೋಡಿದರೆ ಹಿಂಗಾಜು ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಿತ್ತು. ಮಂಜು ಕಳೆಯುವ ಡಿಫಾಗರಿನ ಗುಂಡಿಯನ್ನು ಹೊರಟಾಗಲೇ ಒತ್ತಿದ್ದೆವು. ಅದರ ಪುಟ್ಟ ದೀಪವೂ ಹೊತ್ತಿಕೊಂಡಿತ್ತು. ಗಾಜು ಮಾತ್ರ ತಿಳಿಯಾಗಿರಲಿಲ್ಲ. ಹಿಂದೆ ಕುಳಿತವರು ಸೆರಗಿನಿಂದ ಒರಸಿದರು. ಒರಸಿದಷ್ಟು ಬೇಗ ಅದು ಮತ್ತೆ ಮುಸುಕಿತು. ಪಕ್ಕದ ಕನ್ನಡಿಗಳನ್ನು ನಂಬಿ ಮೆಲ್ಲನೆ ಹಿಂದಕ್ಕೆ ಬಿಟ್ಟೆವು. ಲಾರಿಯ ಚಾಲಕ ಕೂಗಿದ, ಕೈ ಬೀಸಿದ. ಗಾಡಿ ನಿಲ್ಲಿಸಿ ಇಳಿದು ನೋಡಿದಾಗ, ನಮ್ಮ ಬಂಪರಿನಿಂದ ಒಂದು ಮೊಳ ದೂರದಲ್ಲಿ ಮೋಟಾರು ಸೈಕಲೊಂದು ನಿಂತಿತ್ತು. ಅದರ ಮೇಲೆ ಒಬ್ಬ ತಂದೆ; ಅವನ ಬೆನ್ನಿಗಂಟಿಕೊಂಡು ಪ್ಲಾಸ್ಟಿಕ್ ಹಾಳೆ ಹೊದ್ದ ಪುಟ್ಟ ಮಗಳು. ಅವನು ನಮ್ಮನ್ನು ಬೈಯಲಿಲ್ಲ. ಮಗುವಿನ ತಲೆಯ ಮೇಲಿನ ಹಾಳೆಯನ್ನು ಸರಿಪಡಿಸುತ್ತ ಸುಮ್ಮನಿದ್ದ. ಬೈದಿದ್ದರೆ ನಮಗೆ ಎಷ್ಟೋ ಹಗುರವೆನಿಸುತ್ತಿತ್ತು.

ಊರಿಗೆ ಮರಳಿದ ಮೇಲೆ ನಾವು ಮಾಡಿದ ಮೊದಲ ಕೆಲಸವೂ ತಪ್ಪೇ ಆಯಿತು. ಪರೀಕ್ಷೆಯಿಲ್ಲದೆ ಗುಂಡಿಯನ್ನು ಬದಲಿಸಿದೆವು; ರಿಲೇಯನ್ನು ಬದಲಿಸಿದೆವು; ಕೊನೆಗೆ ಇಡೀ ಗಾಜನ್ನೇ ಬದಲಿಸಬೇಕೆಂದು ಯಾರೋ ಹೇಳಿದಾಗ ಹಣ ಹೊಂದಿಸಲು ಹೊರಟೆವು. ಮಂಜು ಏಕೆ ಹೋಗಲಿಲ್ಲ, ಮಂಜು ಎಲ್ಲಿಂದ ಬಂತು ಎಂಬ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಂಡಿದ್ದರೆ ಆ ಖರ್ಚೂ ಆ ಎರಡು ತಿಂಗಳೂ ಉಳಿಯುತ್ತಿದ್ದವು. ವಾಚಕರು ಅದೇ ಹಳ್ಳಕ್ಕೆ ಬೀಳಬಾರದೆಂದು ನಾವು ಕಲಿತುದನ್ನು ಕ್ರಮವಾಗಿ ಇಲ್ಲಿಡುತ್ತೇವೆ.

ಮೊದಲು ಗಾಜಿನ ಜಾತಿಯನ್ನು ತಿಳಿಯೋಣ. ಕಾರಿನ ಮುಂಗಾಜು ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರವನ್ನಿಟ್ಟು ಬೆಸೆದದ್ದು. ಒಡೆದರೂ ಚೂರಾಗಿ ಉದುರುವುದಿಲ್ಲ. ಅದರ ಮೇಲಿನ ಸಣ್ಣ ಚಕ್ಕೆಗಾಯವನ್ನು ರಾಳ ತುಂಬಿ ಸರಿಪಡಿಸಬಹುದು. ಹಿಂಗಾಜು ಸಾಮಾನ್ಯವಾಗಿ ಒಂಟಿ ಹಾಳೆ. ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಮಾಡಿದ ಗಾಜು. ಇದರ ಮೈಯಲ್ಲಿ ಬಿಗಿತ ಅಡಗಿರುವುದರಿಂದ, ಒಡೆದರೆ ಕಲ್ಲುಸಕ್ಕರೆಯ ಹರಳುಗಳಂತೆ ಪೂರ್ತಿಯಾಗಿ ಉದುರುತ್ತದೆ. ಇದನ್ನು ಕೊಯ್ಯುವಂತಿಲ್ಲ, ಕೊರೆಯುವಂತಿಲ್ಲ. ಬಿರುಕು ಬಿಟ್ಟರೆ ದುರಸ್ತಿಯಿಲ್ಲ, ಬದಲಿಯೊಂದೇ ದಾರಿ. ಇದರ ಒಳಮೈಮೇಲೆ ಕಾಣುವ ಕಂದುಬಣ್ಣದ ಅಡ್ಡಗೆರೆಗಳೇ ಡಿಫಾಗರ್. ಬೆಳ್ಳಿಯ ಪುಡಿಯನ್ನು ಬೆರೆಸಿದ ಲೇಪವನ್ನು ಗಾಜಿನ ಮೇಲೆ ಅಚ್ಚೊತ್ತಿ ಬೇಯಿಸಿರುತ್ತಾರೆ. ಎಡಬಲದ ಅಂಚುಗಳಲ್ಲಿ ಎರಡು ದಪ್ಪ ಪಟ್ಟಿಗಳಿದ್ದು, ಗೆರೆಗಳೆಲ್ಲ ಅವುಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಜೋಡಣೆಯಾಗಿರುತ್ತವೆ. ಒಂದು ಪಟ್ಟಿಗೆ ಬ್ಯಾಟರಿಯ ೧೨ ವೋಲ್ಟು ಬರುತ್ತದೆ. ಇನ್ನೊಂದು ಕಾರಿನ ಲೋಹದ ಮೈಗೆ ಸೇರುತ್ತದೆ. ವಿದ್ಯುತ್ತು ಹರಿದಾಗ ಗೆರೆ ಬೆಚ್ಚಗಾಗಿ ಅದರ ಎರಡೂ ಬದಿಯ ಮಂಜು ಕರಗುತ್ತದೆ. ಹತ್ತಾರು ಆಂಪಿಯರ್ ವಿದ್ಯುತ್ತನ್ನು ನುಂಗುವ ಸಾಧನವಾದುದರಿಂದ, ಅನೇಕ ಕಾರುಗಳಲ್ಲಿ ಇದು ೧೦-೧೫ ನಿಮಿಷಗಳಲ್ಲಿ ತಾನಾಗಿಯೇ ಆರುವಂತೆ ಏರ್ಪಡಿಸಿರುತ್ತಾರೆ. ಇನ್ನೊಂದು ಸೂಚನೆ: ಕೆಲವು ಗಾಜುಗಳ ಮೇಲಿನ ಒಂದೆರಡು ಗೆರೆಗಳು ರೇಡಿಯೋದ ಆಂಟೆನಾ ಆಗಿರುತ್ತವೆ. ಅವು ಬಿಸಿಯಾಗಲಿಲ್ಲವೆಂದು ಕೊರಗಬಾರದು.

ಮಂಜು ಕಟ್ಟುವ ಬಗೆಯೂ ಸರಳವೇ. ಬೆಚ್ಚನೆಯ ಗಾಳಿ ಹೆಚ್ಚು ನೀರಾವಿಯನ್ನು ಹೊರಬಲ್ಲುದು, ತಣ್ಣನೆಯದು ಕಡಿಮೆ. ೨೫ ಡಿಗ್ರಿ ಸೆಲ್ಸಿಯಸ್ಸಿನ ಒಂದು ಘನ ಮೀಟರ್ ಗಾಳಿ ಸುಮಾರು ೨೩ ಗ್ರಾಂ ಆವಿಯನ್ನು ಹೊತ್ತರೆ, ೧೦ ಡಿಗ್ರಿಯಲ್ಲಿ ಹೊರುವುದು ೯ ಗ್ರಾಂ ಚಿಲ್ಲರೆ ಮಾತ್ರ. ಐವರ ಉಸಿರಿನಿಂದ ತೇವಗೊಂಡ ಗಾಳಿ ತಣ್ಣನೆಯ ಗಾಜನ್ನು ಮುಟ್ಟಿದೊಡನೆ ಹೊರಲಾರದ ಹೊರೆಯನ್ನು ಅಲ್ಲಿಯೇ ಇಳಿಸಿಬಿಡುತ್ತದೆ. ಮದ್ದು ಎರಡೇ: ಗಾಜನ್ನು ಬೆಚ್ಚಗಾಗಿಸುವುದು, ಇಲ್ಲವೇ ಗಾಳಿಯ ತೇವವನ್ನು ಕಳೆಯುವುದು. ಡಿಫಾಗರ್ ಮೊದಲನೆಯದನ್ನು ಮಾಡುತ್ತದೆ; ಎರಡನೆಯದು ಅದರ ಕೈಲಾಗದ ಕೆಲಸ.

ಇನ್ನು ಪರೀಕ್ಷೆ. ಇದಕ್ಕೆ ಯಾವ ಸಲಕರಣೆಯೂ ಬೇಡ. ತಣ್ಣನೆಯ ಬೆಳಗಿನಲ್ಲಿ ಎಂಜಿನ್ ಚಾಲೂ ಮಾಡಿ, ಡಿಫಾಗರನ್ನು ಹಾಕಿ, ಒಳಗಿನಿಂದ ಗಾಜಿನ ಮೇಲೆ ಬಾಯಿಂದ ಉಸಿರೂದಿ ಮಂಜು ಕಟ್ಟಿಸಿರಿ. ಒಂದೆರಡು ನಿಮಿಷಗಳಲ್ಲಿ ಜೀವವಿರುವ ಗೆರೆಗಳ ಉದ್ದಕ್ಕೂ ಮಂಜು ಬಿಡುತ್ತದೆ; ಸತ್ತ ಗೆರೆಯ ಮೇಲೆ ಹಾಗೆಯೇ ಉಳಿಯುತ್ತದೆ. ಇಲ್ಲಿ ನೆನಪಿಡಬೇಕಾದ ಸೂತ್ರವೊಂದಿದೆ. ಗೆರೆಗಳು ಏಣಿಯ ಮೆಟ್ಟಿಲುಗಳಂತಿರುವುದರಿಂದ ಒಂದು ತುಂಡಾದರೆ ಆ ಒಂದೇ ಸಾಯುತ್ತದೆ, ಉಳಿದವು ಕೆಲಸ ಮಾಡುತ್ತವೆ. ಎಲ್ಲ ಗೆರೆಗಳೂ ಒಮ್ಮೆಗೇ ಸತ್ತಿದ್ದರೆ ದೋಷ ಗೆರೆಗಳಲ್ಲಿಲ್ಲ. ಫ್ಯೂಸು, ರಿಲೇ, ಗುಂಡಿ, ತಂತಿ ಅಥವಾ ತಂತಿಯು ಗಾಜಿಗೆ ಸೇರುವ ಲೋಹದ ಕಿವಿ, ಇವುಗಳಲ್ಲೊಂದನ್ನು ಶಂಕಿಸಬೇಕು. ಗುಂಡಿಯ ದೀಪ ಹೊತ್ತಿದರೆ ಗುಂಡಿಯವರೆಗೆ ವಿದ್ಯುತ್ತು ಬಂದಿದೆ ಎಂದಷ್ಟೇ ಅರ್ಥ. ಗಾಜಿನವರೆಗೆ ತಲುಪಿದೆ ಎಂದಲ್ಲ. ನಾವು ಆ ದೀಪವನ್ನು ನಂಬಿಯೇ ಘಟ್ಟ ಇಳಿದವರು.

ಎಲ್ಲವೂ ಸತ್ತಿದ್ದರೆ ಮೊದಲು ಫ್ಯೂಸನ್ನು ನೋಡಿರಿ. ಅದು ಸರಿಯಿದ್ದರೆ ಮಲ್ಟಿಮೀಟರ್ ಬೇಕಾಗುತ್ತದೆ. ಸಾಧಾರಣ ಮೀಟರೇ ಸಾಕು. ಎಂಜಿನ್ ನಡೆಯುತ್ತಿರುವಾಗ ಕಪ್ಪು ಕಡ್ಡಿಯನ್ನು ಕಾರಿನ ಮೈಯ ಬರಿಯ ಲೋಹಕ್ಕೆ ಮುಟ್ಟಿಸಿ, ಕೆಂಪು ಕಡ್ಡಿಯನ್ನು ವಿದ್ಯುತ್ತು ಬರುವ ಬದಿಯ ಪಟ್ಟಿಗೆ ಹಿಡಿಯಿರಿ. ೧೨ ವೋಲ್ಟು ಅಥವಾ ಕೊಂಚ ಮೇಲೆ ತೋರಬೇಕು. ಏನೂ ತೋರದಿದ್ದರೆ ಅದೇ ಕಡ್ಡಿಯನ್ನು ತಂತಿಯ ತುದಿಗೆ ಹಿಡಿಯಿರಿ. ತಂತಿಯಲ್ಲಿದ್ದು ಪಟ್ಟಿಯಲ್ಲಿಲ್ಲವಾದರೆ ನಡುವಿನ ಕಿವಿ ಕಳಚಿದೆ. ತಂತಿಯಲ್ಲೂ ಇಲ್ಲವಾದರೆ ದೋಷ ಇನ್ನೂ ಹಿಂದಿದೆ. ಹಿಂಬಾಗಿಲು ಮೇಲಕ್ಕೆ ತೆರೆಯುವ ಕಾರುಗಳಲ್ಲಿ ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ ತಂತಿಗಳು ಮಡಚಿ ಮಡಚಿ ತುಂಡಾಗುವುದು ಬಹು ಸಾಮಾನ್ಯ. ವಿದ್ಯುತ್ತಿನ ಬದಿಯಲ್ಲೂ ಎದುರು ಬದಿಯಲ್ಲೂ ೧೨ ವೋಲ್ಟೇ ತೋರಿದರೆ ಮೈಗೆ ಸೇರುವ ತಂತಿ ಬಿಟ್ಟುಹೋಗಿದೆ ಎಂದು ತಿಳಿಯಿರಿ. ವಿದ್ಯುತ್ತು ಬಂದಿದೆ, ಹೊರಹೋಗಲು ದಾರಿಯಿಲ್ಲ.

ಒಂದೆರಡು ಗೆರೆಗಳು ಮಾತ್ರ ಸತ್ತಿದ್ದರೆ ತುಂಡಾದ ಜಾಗವನ್ನು ಹುಡುಕಬೇಕು. ಮೀಟರಿನ ಚೂಪು ಕಡ್ಡಿ ಗೆರೆಯನ್ನು ಗೀರುವುದರಿಂದ, ಕೆಂಪು ಕಡ್ಡಿಯ ತುದಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಚೂರನ್ನು ಸುತ್ತಿ ಬೆರಳಿನಿಂದ ಮೆತ್ತಗೆ ಒತ್ತಿ ಹಿಡಿಯಿರಿ. ಕಪ್ಪು ಕಡ್ಡಿ ಮೈಗೆ ಸೇರುವ ಪಟ್ಟಿಯ ಮೇಲಿರಲಿ. ಕೆಂಪನ್ನು ವಿದ್ಯುತ್ತಿನ ಬದಿಯಿಂದ ಗೆರೆಯ ಮೇಲೆ ನಿಧಾನವಾಗಿ ಸರಿಸುತ್ತ ಹೋಗಿರಿ. ಒಳ್ಳೆಯ ಗೆರೆಯಲ್ಲಿ ಅಂಕೆ ೧೨ರಿಂದ ಸಮವಾಗಿ ಇಳಿಯುತ್ತ ನಡುಮಧ್ಯದಲ್ಲಿ ೬ರ ಸುಮಾರಿಗೆ ಬಂದು, ಕೊನೆಯಲ್ಲಿ ಸೊನ್ನೆಯಾಗುತ್ತದೆ. ತುಂಡಾದ ಗೆರೆಯಲ್ಲಿ ೧೨ ಹಾಗೆಯೇ ನಿಂತಿದ್ದು ಒಂದೆಡೆ ಥಟ್ಟನೆ ಸೊನ್ನೆಗೆ ಬೀಳುತ್ತದೆ. ಬಿದ್ದ ಜಾಗವೇ ಗಾಯ. ಹೊರಗಡೆಯಿಂದ ಗಾಜಿನ ಮೇಲೆ ಕಾಗದದ ಪಟ್ಟಿಯಂಟಿಸಿ ಗುರುತು ಹಾಕಿಕೊಳ್ಳಿರಿ.

ಗಾಯಕ್ಕೆ ಮದ್ದು ಬೆಳ್ಳಿ ಬೆರೆತ ವಿದ್ಯುದ್ವಾಹಕ ಬಣ್ಣ. ಇದಕ್ಕಾಗಿಯೇ ಪುಟ್ಟ ಸೀಸೆಗಳಲ್ಲಿ ಮಾರುತ್ತಾರೆ. ಡಿಫಾಗರನ್ನು ಆರಿಸಿ, ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಗಾಯದ ಆಸುಪಾಸನ್ನು ಜಿಡ್ಡಿಲ್ಲದಂತೆ ಒರಸಿರಿ. ಗೆರೆಯ ಮೇಲೊಂದು, ಕೆಳಗೊಂದು ಅಂಟುಪಟ್ಟಿಯನ್ನು ಹಚ್ಚಿ, ಗೆರೆಯಷ್ಟೇ ಅಗಲದ ಓಣಿಯನ್ನು ಬಿಡಿರಿ. ಸೀಸೆಯನ್ನು ಚೆನ್ನಾಗಿ ಕುಲುಕಿ, ಒಳ್ಳೆಯ ಭಾಗದ ಮೇಲೆ ಎರಡೂ ಕಡೆ ಅರ್ಧ ಸೆಂಟಿಮೀಟರ್ ಹತ್ತುವಂತೆ, ತೆಳುವಾಗಿ ಎರಡು ಮೂರು ಸಲ ಹಚ್ಚಿರಿ. ಒಂದು ಲೇಪ ಆರಿದ ಮೇಲೆ ಇನ್ನೊಂದು. ಅಂಟುಪಟ್ಟಿಯನ್ನು ಓರೆಯಾಗಿ ನಿಧಾನವಾಗಿ ಬಿಡಿಸಿ. ಸೀಸೆಯ ಮೇಲೆ ಬೇರೆ ಅವಧಿಯನ್ನು ಹೇಳಿರದಿದ್ದರೆ ಒಂದು ಇಡೀ ದಿನ ಆರಲು ಬಿಟ್ಟು ಆಮೇಲೆ ಗುಂಡಿಯನ್ನು ಒತ್ತಿರಿ. ಒಂದು ಅಂಗುಲದವರೆಗಿನ ಗಾಯಗಳು ಹೀಗೆ ಮಾಯುತ್ತವೆ. ಗೆರೆಗಳು ಉದ್ದಕ್ಕೂ ಕಿತ್ತುಬಂದಿದ್ದರೆ ಸೀಸೆಯ ಬಣ್ಣ ಸಾಲದು.

ಕಳಚಿದ ಕಿವಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳು. ಮನೆಯಲ್ಲಿರುವ ಯಾವುದೋ ಅಂಟಿನಿಂದ ಅದನ್ನು ಹಚ್ಚಬೇಡಿರಿ. ಸಾಮಾನ್ಯ ಅಂಟಿನಲ್ಲಿ ವಿದ್ಯುತ್ತು ಹರಿಯುವುದಿಲ್ಲ. ಕಿವಿ ಗಟ್ಟಿಯಾಗಿ ಕೂರುತ್ತದೆ, ಗಾಜು ತಣ್ಣಗೇ ಇರುತ್ತದೆ. ಬೆಳ್ಳಿ ತುಂಬಿದ ಎರಡು ಭಾಗಗಳ ಎಪಾಕ್ಸಿ ಅಂಟೇ ಆಗಬೇಕು. ಬೆಸುಗೆಯ ಕಾವಿಗೆ ಕೈ ಹಾಕುವುದೂ ಅಪಾಯ. ಬಿಗಿತ ತುಂಬಿದ ಗಾಜಿನ ಒಂದೇ ಬಿಂದುವನ್ನು ಕಾಯಿಸಿದರೆ ಇಡೀ ಗಾಜು ಮಡಿಲಿಗೆ ಸುರಿದೀತು. ಆ ಕೆಲಸ ಪಳಗಿದ ಕೈಗಳದು.

ಈಗ ನಮ್ಮ ತಪ್ಪಿನ ಮಾತು. ಮೇಲಿನ ಕ್ರಮದಲ್ಲಿ ಪರೀಕ್ಷಿಸಿದಾಗ ನಮ್ಮ ಕಾರಿನ ಕಿವಿ ಕಳಚಿದ್ದುದೂ ಮೂರು ಗೆರೆಗಳು ತುಂಡಾಗಿದ್ದುದೂ ಕಂಡವು. ಗೆರೆಗಳ ಗಾಯಗಳು ಒಂದರ ಕೆಳಗೊಂದು ಒಂದೇ ಓರೆಯಲ್ಲಿದ್ದವು, ಒಂದೇ ಅಲಗು ಹಾದುಹೋದಂತೆ. ಆಗ ನೆನಪಾಯಿತು. ೨೦೧೨ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾರಿನ ಗಾಜುಗಳ ಕಪ್ಪು ಹಾಳೆಗಳನ್ನು ನಿಷೇಧಿಸಿದ ಬಳಿಕ ಎಲ್ಲರಂತೆ ನಾವೂ ಹಿಂಗಾಜಿನ ಹಾಳೆಯನ್ನು ತೆಗೆದಿದ್ದೆವು. ಕೂಲಿ ಉಳಿಸಲೆಂದು ಕ್ಷೌರದ ಬ್ಲೇಡಿನಿಂದ ನಾವೇ ಕೆರೆದಿದ್ದೆವು. ಹಾಳೆಯ ಅಂಚನ್ನು ಜಗ್ಗಿದಾಗ ಕಿವಿ ಸಡಿಲವಾಗಿರಬೇಕು. ಬಿಸಿಲುಗಾಲದಲ್ಲಿ ಅದು ತಿಳಿಯಲಿಲ್ಲ; ಮಳೆಗಾಲಗಳಲ್ಲಿ ಒರಸಿಕೊಂಡು ಕಾಲ ತಳ್ಳಿದೆವು. ಘಟ್ಟದಲ್ಲಿ ಆ ಮಗುವಿನ ಮುಂದೆ ನಮ್ಮನ್ನು ತಂದು ನಿಲ್ಲಿಸಿದ್ದು ಯಂತ್ರದ ದೋಷವಲ್ಲ, ನಮ್ಮ ಕೈಯ ಬ್ಲೇಡು. ಹಾಳೆಯನ್ನು ತೆಗೆಯಲೇಬೇಕಾದವರು ಬಿಸಿ ಆವಿಯಿಂದಲೋ ಬಿಸಿಗಾಳಿಯಿಂದಲೋ ಅಂಟನ್ನು ಮೆತ್ತಗಾಗಿಸಿ ಹಾಳೆಯನ್ನು ಗೆರೆಗಳ ಜಾಡಿನಲ್ಲೇ ಸುಲಿಯಬೇಕು. ಉಳಿದ ಅಂಟನ್ನು ಸೋಪುನೀರಿನಿಂದ ನೆನಸಿ ಬಟ್ಟೆಯಿಂದಲೇ ಉಜ್ಜಬೇಕು. ಲೋಹದ ಅಲಗು ಒಳಮೈಗೆ ಸೋಕಬಾರದು.

ಕಿವಿ ಕುಳಿತಿತು, ಗೆರೆಗಳು ಕೂಡಿದವು, ಡಿಫಾಗರ್ ಬೆಚ್ಚಗಾಯಿತು. ಆದರೂ ರಾತ್ರಿ ನಿಲ್ಲಿಸಿದ ಕಾರಿನ ಗಾಜುಗಳೆಲ್ಲ ಬೆಳಗಾಗುವಷ್ಟರಲ್ಲಿ ಒಳಗಿನಿಂದ ಬೆವತಿರುತ್ತಿದ್ದವು. ಯಾರೂ ಕುಳಿತಿರದ ಕಾರಿನಲ್ಲಿ ಯಾರ ಉಸಿರು? ಆಗ ಎರಡನೆಯ ಪ್ರಶ್ನೆಯನ್ನು ಕೇಳಿಕೊಂಡೆವು. ಹಿಂಬದಿಯ ಚಾಪೆಯನ್ನೆತ್ತಿ ಹೆಚ್ಚುವರಿ ಚಕ್ರವನ್ನು ಹೊರತೆಗೆದರೆ, ಅದರ ಗುಳಿಯಲ್ಲಿ ನಾಲ್ಕು ಬೆರಳು ನೀರು ನಿಂತಿತ್ತು. ಎಲ್ಲಿಂದಲೋ ಮಳೆ ಒಳನುಗ್ಗುತ್ತಿತ್ತು. ಹೀಗೆ ನೀರು ತುಂಬಿಕೊಂಡ ಕಾರಿನಲ್ಲಿ ಡಿಫಾಗರ್ ಎಷ್ಟು ದುಡಿದರೂ ಅದು ಸೋರುವ ದೋಣಿಯಿಂದ ಬೊಗಸೆಯಲ್ಲಿ ನೀರು ಮೊಗೆದಂತೆಯೇ ಸರಿ.

ಸೋರಿಕೆಯನ್ನು ಹುಡುಕುವವರು ಮೊದಲು ತಿಳಿಯಬೇಕಾದುದು, ನೀರು ಕಾಣುವ ಜಾಗವೂ ನುಗ್ಗುವ ಜಾಗವೂ ಒಂದೇ ಆಗಿರುವುದಿಲ್ಲ ಎಂಬುದು. ಹಿಂಗಾಜಿನ ಅಂಚು, ಹಿಂಬಾಗಿಲಿನಾಚೆಯ ತೆರೆಯದ ಚಿಕ್ಕ ಗಾಜು, ಹಿಂದೀಪಗಳ ಗ್ಯಾಸ್ಕೆಟ್, ಹಿಂಬಾಗಿಲಿನ ರಬ್ಬರು, ಛಾವಣಿಯ ಬೆಸುಗೆಯ ಸಂದು, ಇವುಗಳಲ್ಲಿ ಎಲ್ಲಿ ನುಗ್ಗಿದರೂ ನೀರು ಹರಿದು ಆ ಗುಳಿಗೇ ಬರುತ್ತದೆ. ಒಳಗಿನ ಹೊದಿಕೆಗಳನ್ನು ಬಿಚ್ಚಿ, ಒಬ್ಬರು ಟಾರ್ಚು ಹಿಡಿದು ಒಳಗೆ ಕುಳಿತುಕೊಳ್ಳಲಿ. ಇನ್ನೊಬ್ಬರು ಹೊರಗಿನಿಂದ ಕೊಳವೆಯ ನೀರನ್ನು ಮೆಲ್ಲಗೆ ಹರಿಯಬಿಡಲಿ, ರಭಸ ಬೇಡ. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲ ಸಂದುಗಳೂ ಒಮ್ಮೆಗೇ ನೆನೆದು ಕಳ್ಳ ಯಾರೆಂದು ತಿಳಿಯುವುದಿಲ್ಲ. ಒಂದೊಂದು ಜಾಗದಲ್ಲಿ ಮೂರು ನಿಮಿಷ ಕಾಯಿರಿ. ಒಳಗಡೆ ಸಂದುಗಳಿಗೆ ಸೀಮೆಸುಣ್ಣದ ಪುಡಿಯನ್ನು ಹಚ್ಚಿದ್ದರೆ ನೀರಿನ ಜಾಡು ಸ್ಪಷ್ಟವಾಗಿ ಮೂಡುತ್ತದೆ. ಇನ್ನೊಂದು ಉಪಾಯವೂ ಉಂಟು. ಗಾಜುಗಳನ್ನೆಲ್ಲ ಏರಿಸಿ, ಹೊರಗಾಳಿಯನ್ನು ಒಳಸೆಳೆಯುವಂತೆ ಮಾಡಿ, ಗಾಳಿಯಂತ್ರವನ್ನು ಪೂರ್ಣವೇಗದಲ್ಲಿಟ್ಟು, ಹೊರಗಿನಿಂದ ಗಾಜಿನ ಅಂಚಿಗೆ ಸೋಪುನೀರು ಹಚ್ಚಿರಿ. ಸೋರುವಲ್ಲಿ ಗುಳ್ಳೆಯೇಳುತ್ತದೆ. ನಮ್ಮ ಕಾರಿನಲ್ಲಿ ಗುಳ್ಳೆಯೆದ್ದುದು ಎಡಬದಿಯ ಆ ಚಿಕ್ಕ ಗಾಜಿನ ಕೆಳಮೂಲೆಯಲ್ಲಿ.

ತೆರೆಯದ ಗಾಜುಗಳನ್ನು ಕೂರಿಸುವ ಬಗೆ ಎರಡು. ಅಂಬಾಸಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಕಾರುಗಳಲ್ಲಿ ದಪ್ಪ ರಬ್ಬರಿನ ಚೌಕಟ್ಟೇ ಗಾಜನ್ನು ಹಿಡಿದಿರುತ್ತಿತ್ತು. ಆ ರಬ್ಬರಿನ ತುಟಿಯೊಳಗೆ ಹಗ್ಗವಿಟ್ಟು, ಗಾಜನ್ನು ಹೊರಗಿನಿಂದ ಒತ್ತಿ, ಒಳಗಿನಿಂದ ಹಗ್ಗವನ್ನೆಳೆದು ತುಟಿಯನ್ನು ಲೋಹದಂಚಿನ ಮೇಲೆ ಕೂರಿಸುವ ಮೇಸ್ತ್ರಿಗಳ ಕೈಚಳಕವನ್ನು ನಮ್ಮ ಪೀಳಿಗೆಯವರು ಕಂಡಿದ್ದೇವೆ. ರಬ್ಬರು ಬಿಸಿಲಿಗೆ ಗಡುಸಾಗಿ ಬಿರಿದಾಗ ಅಲ್ಲಿ ಸೋರುತ್ತದೆ. ಹೊಸ ರಬ್ಬರು ಹಾಕಿದರೆ ಮುಗಿಯಿತು. ಈಗಿನ ಕಾರುಗಳಲ್ಲಿ ಪಾಲಿಯುರೆಥೇನ್ ಅಂಟಿನಿಂದ ಗಾಜನ್ನು ನೇರವಾಗಿ ಲೋಹಕ್ಕೆ ಬೆಸೆದಿರುತ್ತಾರೆ. ಅಲ್ಲಿ ಸೋರಿಕೆಯೆಂದರೆ ಅಂಟು ಬಿಟ್ಟಿದೆ, ಅನೇಕ ವೇಳೆ ಅಂಟಿನಡಿಯ ಲೋಹ ತುಕ್ಕು ಹಿಡಿದಿದೆ ಎಂದರ್ಥ. ತುಕ್ಕಿನ ಮೇಲೆ ಹೊಸ ಅಂಟು ನಿಲ್ಲದು.

ಇಲ್ಲಿ ಬಹುಮಂದಿ ಮಾಡುವ ತಪ್ಪು, ಅಂಗಡಿಯಿಂದ ಸಾಧಾರಣ ಸಿಲಿಕೋನ್ ಟ್ಯೂಬನ್ನು ತಂದು ಹೊರಗಿನಿಂದ ಮೆತ್ತುವುದು. ವಿನಿಗರಿನ ವಾಸನೆ ಬರುವ ಸಿಲಿಕೋನ್ ಆರುವಾಗ ಆಮ್ಲವನ್ನು ಬಿಡುವುದರಿಂದ ಲೋಹದ ತುಕ್ಕು ಹೆಚ್ಚುತ್ತದೆ. ಸಿಲಿಕೋನಿನ ಕಲೆಯುಳಿದ ಜಾಗದಲ್ಲಿ ಮುಂದೆ ಪಾಲಿಯುರೆಥೇನ್ ಹಿಡಿಯುವುದೂ ಇಲ್ಲ. ಸರಿಯಾದ ಕ್ರಮದಲ್ಲಿ ಗಾಜನ್ನು ತಂತಿಯಿಂದ ಕತ್ತರಿಸಿ ಬಿಡಿಸುತ್ತಾರೆ, ತುಕ್ಕನ್ನು ಉಜ್ಜಿ ಪ್ರೈಮರ್ ಹಚ್ಚುತ್ತಾರೆ, ಗಟ್ಟಿಯಾಗಿರುವ ಹಳೆಯ ಅಂಟಿನ ತೆಳುಪದರದ ಮೇಲೆ ಹೊಸ ಅಂಟನ್ನೆಳೆದು ಗಾಜನ್ನು ಮರಳಿ ಕೂರಿಸುತ್ತಾರೆ. ಇದನ್ನು ನಾವು ಮನೆಯಲ್ಲಿ ಮಾಡಲಿಲ್ಲ. ವಾಚಕರಿಗೂ ಮಾಡಿರೆಂದು ಹೇಳುವುದಿಲ್ಲ. ಬೆಸೆದ ಗಾಜು ಕಾರಿನ ಮೈಗೆ ಬಲವನ್ನೂ ಕೊಡುತ್ತದೆ. ಆದರೆ ಕೆಲಸ ಒಪ್ಪಿಸುವಾಗ ಮೂರು ಮಾತು ಕೇಳಿರಿ: ತುಕ್ಕನ್ನು ತೆಗೆಯುವಿರಾ, ಯಾವ ಅಂಟು ಬಳಸುವಿರಿ, ಎಷ್ಟು ಹೊತ್ತಿನ ಬಳಿಕ ಗಾಡಿ ಓಡಿಸಬಹುದು? ಹಿಂಗಾಜನ್ನೇ ಬದಲಿಸುವುದಾದರೆ ಹೊಸತರಲ್ಲಿ ಡಿಫಾಗರಿನ ಗೆರೆಗಳಿವೆಯೇ ಎಂದು ಕೊಳ್ಳುವ ಮುನ್ನವೇ ನೋಡಿಕೊಳ್ಳಿರಿ. ಒಂದೇ ಮಾದರಿಯ ಕಾರಿಗೆ ಎರಡು ಬಗೆಯ ಗಾಜುಗಳು ಬರುವುದುಂಟು. ಅಂಟು ಆರುವವರೆಗೆ ಒಂದು ಕಿಟಕಿಯನ್ನು ಎರಡು ಬೆರಳು ಇಳಿಸಿಡಿರಿ. ಮುಚ್ಚಿದ ಕಾರಿನ ಬಾಗಿಲನ್ನು ರಪ್ಪನೆ ಬಡಿದರೆ ಒಳಗಿನ ಗಾಳಿ ಹಸಿ ಅಂಟಿನ ಗಾಜನ್ನು ಹೊರದೂಡುತ್ತದೆ.

ನಮ್ಮ ಕಾರಿಗೆ ಒಟ್ಟಿನಲ್ಲಿ ಬೇಕಾಗಿದ್ದುದು ಒಂದು ಸೀಸೆ ಬಣ್ಣ, ಚಿಟಿಕೆ ಎಪಾಕ್ಸಿ, ಚಿಕ್ಕ ಗಾಜೊಂದರ ಮರುಜೋಡಣೆ, ಚಾಪೆಗೆ ನಾಲ್ಕು ದಿನದ ಬಿಸಿಲು. ಗುಂಡಿಯೂ ರಿಲೇಯೂ ಮೊದಲಿನಿಂದಲೂ ಸರಿಯಾಗಿಯೇ ಇದ್ದವು.

ಗೃಹಿಣಿಯರಿಗೂ ಮಕ್ಕಳಿಗೂ ಕೊನೆಯದಾಗಿ ಕೆಲವು ಮಾತು. ಹಿಂಗಾಜಿನ ಒಳಮೈಯನ್ನು ಗೆರೆಗಳ ಉದ್ದಕ್ಕೆ, ಅಡ್ಡಡ್ಡಲಾಗಿ ಒರಸಿರಿ. ಮೇಲೆ ಕೆಳಗೆ ಉಜ್ಜಬೇಡಿರಿ. ಬಳೆ, ಉಂಗುರಗಳ ಬಗ್ಗೆ ಎಚ್ಚರವಿರಲಿ. ಊರಿಗೆ ಹೊರಟಾಗ ಅಕ್ಕಿಮೂಟೆ, ಟ್ರಂಕುಗಳನ್ನು ಗಾಜಿಗೆ ಉಜ್ಜುವಂತೆ ಪೇರಿಸಬೇಡಿರಿ. ನೆನೆದ ಕೊಡೆಯನ್ನು ಕಾರಿನೊಳಗೆ ಮರೆಯಬೇಡಿರಿ. ಮಂಜು ಕಟ್ಟಿದಾಗ ಒಳಗಾಳಿಯೇ ಸುತ್ತುವ ಗುಂಡಿಯನ್ನು ಆರಿಸಿ ಹೊರಗಾಳಿಗೆ ದಾರಿ ಕೊಡಿರಿ, ಎ.ಸಿ. ಇದ್ದರೆ ಚಳಿಯಲ್ಲೂ ಹಾಕಿರಿ, ಅದು ಗಾಳಿಯ ತೇವವನ್ನು ಹೀರುತ್ತದೆ. ಹಿಂದೆ ಕ್ಯಾಮೆರಾ ಇದೆಯಲ್ಲ ಎನ್ನುವವರಿಗೆ ಒಂದೇ ಮಾತು: ಅದರ ಕಣ್ಣಿನ ಮೇಲೂ ಮಳೆಹನಿ ನಿಲ್ಲುತ್ತದೆ.

ನಾವೀಗ ಪ್ರತಿವರ್ಷ ಮಳೆಗೆ ಮೊದಲು ಒಂದು ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಮೊಣಕಾಲೂರಿ ಕುಳಿತು ಗಾಜಿನ ಮೇಲೆ ಉಸಿರೂದಿ ಗೆರೆಗಳನ್ನು ಎಣಿಸುತ್ತೇವೆ. ಐದು ನಿಮಿಷದ ಕೆಲಸ. ನೆರೆಮನೆಯ ಮಕ್ಕಳು ನಗುತ್ತಾರೆ, ನಗಲಿ. ಆ ಪ್ಲಾಸ್ಟಿಕ್ ಹಾಳೆಯ ಹುಡುಗಿ ಈಗ ಎಷ್ಟೆತ್ತರ ಬೆಳೆದಿರುವಳೋ ಎಂದು ಎಣಿಸುವಾಗಲೆಲ್ಲ ನೆನಪಾಗುತ್ತದೆ.

ಮುಂದಿನ ತಿಂಗಳು ಮುಂಗಾಜಿನ ವೈಪರ್ ರಬ್ಬರಿನ ವಿಚಾರವನ್ನು ನೋಡೋಣ.